ಮುಚ್ಚಿದ ಕೋಣೆಯ ಗಾಳಿ

ಆಗಸ್ಟ್ ೪

ಪ್ರೀತಿಯ ಪುಟ್ಟೂ,

ನಿನ್ನ ವರ್ಕ್‌ಶಾಪಿನಿಂದ ಕಳಿಸಿದ ಗಾಳಿಯಂತ್ರದ ಕಿಟ್‌ಗಳು ಮೊನ್ನೆಯ ಬಸ್ಸಿನಲ್ಲಿ ಬಂದವು. ಪೆಟ್ಟಿಗೆಯನ್ನು ಕಂಡಕ್ಟರ್ ದಾರಿಯುದ್ದಕ್ಕೂ ತೊಡೆಯ ಮೇಲೇ ಇಟ್ಟುಕೊಂಡಿದ್ದನಂತೆ. "ಕೂಸನ್ನ ತಂದ ಹಾಗೆ ತಂದಿದ್ದೀನಿ ಟೀಚರ್, ಎಣಿಸಿ ನೋಡ್ಕೊಳ್ಳಿ" ಎಂದ. ಒಂದು ರೆಕ್ಕೆಯೂ ಮುರಿದಿಲ್ಲ.

ನೀನು ಫೋನ್ ಮಾಡಿ ಮಾಡಿ ಸಾಕಾಗಿದೆ ಎಂದು ಬರೆದಿದ್ದೆ. ಈ ಗುಡ್ಡದ ಮೇಲೆ ಸಿಗ್ನಲ್ ಎಂಬುದೇ ಇಲ್ಲ ಮಾರಾಯ. ವಾರಕ್ಕೆರಡು ಸಲ ಬರುವ ಬಸ್ಸೇ ನಮ್ಮ ಅಂಚೆ, ಅದೇ ನಮ್ಮ ದಿನಸಿ, ಅದೇ ನಮ್ಮ ಗಡಿಯಾರ. ಕಾಗದವನ್ನೇ ಬರಿ. ನಿನ್ನ ಕೋಳಿಕಾಲಿನ ಅಕ್ಷರ ನೋಡಿ ಎಷ್ಟು ಕಾಲವಾಗಿತ್ತು!

ನಮ್ಮ ಶಾಲೆ ಹಿಂದೆ ಗಣಿಯ ಕಚೇರಿಯಾಗಿತ್ತಂತೆ. ಗಣಿ ಈಗಿನವರ ಅಜ್ಜಂದಿರ ಕಾಲಕ್ಕೇ ಮುಚ್ಚಿಹೋಗಿದೆ. ಕಲ್ಲಿನ ಗೋಡೆ, ಮೈ ಚಾಚಿ ಮಲಗುವಷ್ಟು ಅಗಲದ ಕಿಟಕಿಕಟ್ಟೆ, ಕಲ್ಲುಚಪ್ಪಡಿಯ ನೆಲ. ಇರುವುದು ಒಂದೇ ದೊಡ್ಡ ಕೋಣೆ, ನಾನೊಬ್ಬಳು, ಹೆಡ್‌ಮೇಷ್ಟ್ರೊಬ್ಬರು. ಮಕ್ಕಳು ಕಿಟ್ ಜೋಡಿಸಿ ಹೊರಗೆ ಹಿಡಿದದ್ದೇ ತಡ, ಎಲ್ಲರ ರೆಕ್ಕೆಗಳೂ ಬುರ್ರೆಂದು ತಿರುಗಿದವು, ದೀಪಗಳು ಹತ್ತಿದವು. ಹೆಡ್‌ಮೇಷ್ಟ್ರು ತಾವೂ ಒಂದನ್ನು ಹಿಡಿದುಕೊಂಡು ಕೆನ್ನೆಯುಬ್ಬಿಸಿ ಊದಿದರು. ಮಕ್ಕಳು ನಕ್ಕೂ ನಕ್ಕೂ ಉರುಳಾಡಿದರು.

ಒಂದು ತಮಾಷೆ ಕೇಳು. ಗುಬ್ಬಿ ಎಂದು ಎಲ್ಲರೂ ಕರೆಯುವ ಹುಡುಗಿಯೊಬ್ಬಳಿದ್ದಾಳೆ, ಮಾತು ಬಲು ಕಡಿಮೆ. ಅವಳು ತನ್ನ ಯಂತ್ರವನ್ನು ಹಿಂದಿನ ಬೀರುವಿನ ಪಕ್ಕ ನೆಲದ ಮೇಲೆ ಇಟ್ಟಿದ್ದಾಳೆ. ಅದು ಒಳಗೂ ತಿರುಗುತ್ತದೆ, ಗಾಳಿಯೇ ಇಲ್ಲದ ಕಡೆ. ಏನು ಮಾಯ ಮಾಡಿ ಕಳಿಸಿದ್ದೀಯೋ ನೀನೇ ಹೇಳಬೇಕು.

ನಿನ್ನ ಅಕ್ಕ

ಆಗಸ್ಟ್ ೧೪

ಅಕ್ಕಾ,

ಮಾಯವೂ ಇಲ್ಲ, ಮಂತ್ರವೂ ಇಲ್ಲ. ನಮ್ಮ ಯಂತ್ರಕ್ಕೆ ಬಾಗಿಲ ಸಂದಿಯ ಗಾಳಿಯೇ ಸಾಕು, ಅಷ್ಟು ಹಗುರ. ಅದಕ್ಕೇ ತಾನೇ ನಾನು ಆ ರೆಕ್ಕೆಗಳನ್ನು ಉಜ್ಜಿ ಉಜ್ಜಿ ಬೆರಳು ಸವೆಸಿಕೊಂಡದ್ದು! ಎರಡು ದೀಪ ಇವೆಯಲ್ಲ, ಅದೂ ನನ್ನದೇ ಯೋಚನೆ. ಗಾಳಿ ಮುಂದಿನಿಂದ ಬಂದರೆ ರೆಕ್ಕೆ ಒಂದು ದಿಕ್ಕಿಗೆ ತಿರುಗಿ ಕೆಂಪು ದೀಪ ಹತ್ತುತ್ತದೆ. ಹಿಂದಿನಿಂದ ಬಂದರೆ ರೆಕ್ಕೆ ತಿರುಗಾಮುರುಗಾ ಆಗಿ ಹಸಿರು ಹತ್ತುತ್ತದೆ. ಕಿಟಕಿ ಮುಚ್ಚು, ಬಾಗಿಲ ಕೆಳಗೆ ಬಟ್ಟೆ ತುರುಕು, ತಾನೇ ನಿಲ್ಲುತ್ತದೆ. ನಿಂತಾಗ ಮಕ್ಕಳಿಗೆ ಹೇಳು: ಗಾಳಿ ಕಣ್ಣಿಗೆ ಕಾಣುವುದಿಲ್ಲ, ಆದರೆ ಸುಳ್ಳು ಹೇಳುವುದಿಲ್ಲ.

ಊಟ ಸರಿಯಾಗಿ ಮಾಡುತ್ತಿದ್ದೀಯಾ? ಅಮ್ಮ ತೀರಿಕೊಂಡು ತಿಂಗಳು ತುಂಬುವ ಮೊದಲೇ ನೀನು ಕೇಳಿಕೊಂಡು ಅಷ್ಟು ದೂರದ ಊರಿಗೆ ವರ್ಗ ಮಾಡಿಸಿಕೊಂಡದ್ದು ನನಗಿನ್ನೂ... ಹೋಗಲಿ ಬಿಡು. ಬಿಸಿನೀರು ಕುಡಿ.

ಪುಟ್ಟು

ಆಗಸ್ಟ್ ೨೬

ಪ್ರೀತಿಯ ಪುಟ್ಟೂ,

ಕಿಟಕಿ ಮುಚ್ಚಿದೆವು. ಬಾಗಿಲ ಕೆಳಗೆ ಗೋಣಿ ತುರುಕಿದೆವು. ಮಕ್ಕಳೆಲ್ಲ ಬಾಯಿ ಮುಚ್ಚಿಕೊಂಡು ಕೂತರು. ಯಂತ್ರ ನಿಲ್ಲಲಿಲ್ಲ.

ಈಗ ನಾವು ಅದನ್ನು ದಿನವೂ ನೋಡುತ್ತೇವೆ. ಪಾಠ ಶುರುವಾಗುವ ಹೊತ್ತಿಗೆ ಹಸಿರು ದೀಪ ಮಿಣಮಿಣ ಎನ್ನುತ್ತಿರುತ್ತದೆ, ಕಣ್ಣು ಕಿರಿದು ಮಾಡಿದರೆ ಮಾತ್ರ ಕಾಣುವಷ್ಟು. ಆಮೇಲೆ ರೆಕ್ಕೆಗಳು ನಿಧಾನವಾಗಿ, ತೀರಾ ನಿಧಾನವಾಗಿ ನಿಲ್ಲುತ್ತವೆ. ಸ್ವಲ್ಪ ಹೊತ್ತು ಏನೂ ಇಲ್ಲ. ಮಧ್ಯಾಹ್ನ ಅವೇ ರೆಕ್ಕೆಗಳು ಇನ್ನೊಂದು ದಿಕ್ಕಿಗೆ ಹೊರಳುತ್ತವೆ. ಆಗ ಕೆಂಪು.

"ಅದು ಮಲಗಿದೆ ಟೀಚರ್. ಮಲಗಿದವರ ಉಸಿರು ಹಾಗೇ ಇರತ್ತೆ" ಎಂದಳು ಗುಬ್ಬಿ. ವಾರಕ್ಕೆ ಒಂದು ಮಾತಾಡುವ ಹುಡುಗಿ ಆಡಿದ ಮಾತು ಇದು. ಉಳಿದ ಮಕ್ಕಳು ನಗಲಿಲ್ಲ. ಅಂದಿನಿಂದ ಅವರೆಲ್ಲ ಕೋಣೆಯೊಳಗೆ ಪಿಸುಮಾತಿನಲ್ಲೇ ಮಾತಾಡುತ್ತಾರೆ, ಎಲ್ಲಿ ಎಚ್ಚರವಾಗಿಬಿಡುತ್ತದೋ ಎಂಬಂತೆ. ಇಷ್ಟು ಶಾಂತವಾದ ತರಗತಿಯನ್ನು ನನ್ನ ಜನ್ಮದಲ್ಲಿ ನೋಡಿರಲಿಲ್ಲ. ಮಧ್ಯಾಹ್ನದ ಪಾಠಕ್ಕೆ ಚಿಕ್ಕವರು ಇದ್ದಲ್ಲೇ ಒರಗಿ ನಿದ್ದೆ ಹೋಗುತ್ತಾರೆ. ನಾನೂ ಎಬ್ಬಿಸುವುದಿಲ್ಲ.

ಇದಕ್ಕೆ ಕಾರಣ ನೀನು ಹೇಳುತ್ತೀಯೆಂದು ಗೊತ್ತು. ಅವಸರವೇನಿಲ್ಲ.

ಅಕ್ಕ

ಸೆಪ್ಟೆಂಬರ್ ೬

ಅಕ್ಕಾ,

ಮೋಟಾರಿನಲ್ಲಿ ದೋಷವಿರಬಹುದು. ಹೊಸದೊಂದನ್ನು ಕಳಿಸುತ್ತಿದ್ದೇನೆ, ಹಳೆಯದನ್ನು ವಾಪಸು ಹಾಕು. ಗೋಡೆ ದಪ್ಪವಿದ್ದರೆ ಒಳಗಿನ ತಂಪು, ಹೊರಗಿನ ಬಿಸಿ, ಇವುಗಳಿಂದಲೂ ಗಾಳಿಯಾಡುತ್ತದೆ. ಚಪ್ಪಡಿಗಳ ನಡುವೆ ಬಿರುಕೇನಾದರೂ ಇದೆಯೋ ನೋಡು. ಇದ್ದರೆ ಗಾರೆ ಮೆತ್ತಿಸು, ಮುಗಿಯಿತು.

ಉಸಿರು ಗಿಸಿರು ಎಂದು ಮಕ್ಕಳ ತಲೆಗೆ ತುಂಬಬೇಡ. ನೀನೂ ತುಂಬಿಕೊಳ್ಳಬೇಡ.

ಶಾಲೆ ಬಿಟ್ಟ ಮೇಲೆ ಆ ಕೋಣೆಯಲ್ಲಿ ಒಬ್ಬಳೇ ಕೂರುತ್ತೀಯಾ? ಸುಮ್ಮನೆ ಕೇಳಿದೆ. ಹೆಡ್‌ಮೇಷ್ಟ್ರಿಗೂ ಎರಡು ಸಾಲು ಬರೆದಿದ್ದೇನೆ, ಬಿಡಿ ರೆಕ್ಕೆಗಳು ಎಷ್ಟು ಬೇಕು ಎಂದು ಕೇಳಿ.

ಪುಟ್ಟು

ಸೆಪ್ಟೆಂಬರ್ ೧೯

ಪುಟ್ಟೂ,

ಹೊಸ ಮೋಟಾರು ಹಾಕಿದೆ. ಅದೂ ಹಾಗೇ ತಿರುಗುತ್ತದೆ.

ಹೌದು, ಕೂರುತ್ತೇನೆ. ಮಕ್ಕಳು ಹೋದ ಮೇಲೆ ಸಂಜೆ ಬಿಸಿಲು ಕಿಟಕಿಯಿಂದ ಇಳಿಯುವ ತನಕ ಬೀರುವಿನ ಹತ್ತಿರ ಸ್ಟೂಲು ಹಾಕಿಕೊಂಡು ಕೂರುತ್ತೇನೆ. ಕಿವಿಗೊಟ್ಟರೆ ಸದ್ದೂ ಇದೆ. ತುಂಬಾ ಆಳದಿಂದ ಬರುವಂಥ ಸುಯ್ ಎಂಬ ಸದ್ದು. ನಿನಗೆ ಆ ಸದ್ದು ಗೊತ್ತಾಗುವುದಿಲ್ಲ ಪುಟ್ಟು. ಅಮ್ಮನ ಕೊನೆಯ ದಿನಗಳಲ್ಲಿ ಅವಳ ಎದೆಯಿಂದ ಬರುತ್ತಿದ್ದದ್ದು ಅದೇ. ನೀನು ಬರುವ ಹೊತ್ತಿಗೆ ಅದು ನಿಂತಿತ್ತು. ದೂರುತ್ತಿಲ್ಲ. ಇದ್ದದ್ದನ್ನು ಹೇಳಿದೆ.

ಅಮ್ಮ ಅಲ್ಲಿದ್ದಾಳೆಂದು ನಾನು ತಿಳಿದಿದ್ದೇನೆ ಅಂದುಕೊಳ್ಳಬೇಡ. ಅಷ್ಟು ಬುದ್ಧಿ ಕೆಟ್ಟಿಲ್ಲ. ಆದರೆ ಅಲ್ಲಿ ಕೂತರೆ ಒಬ್ಬಂಟಿ ಅನ್ನಿಸುವುದಿಲ್ಲ. ಏಳುವಾಗ ತಲೆ ಸಿಡಿಯುತ್ತಿರುತ್ತದೆ, ಅತ್ತದ್ದಕ್ಕಿರಬೇಕು.

ಹೆಡ್‌ಮೇಷ್ಟ್ರಿಗೆ ಈಚೆಗೆ ನನ್ನ ಮೇಲೆ ವಿಪರೀತ ಮರ್ಯಾದೆ. ಮನೆಯಿಂದ ಫ್ಲಾಸ್ಕಿನಲ್ಲಿ ಚಹಾ ತರುತ್ತಾರೆ. "ನಾಲ್ಕು ದಿನ ರಜೆ ಹಾಕಿ ಟೀಚರ್, ನಾನು ನೋಡ್ಕೋತೀನಿ" ಎನ್ನುತ್ತಾರೆ. ನಾನು ಪಾಠ ಮಾಡುವಾಗ ಬಂದು ಹಿಂದೆ ಕೂತಿರುತ್ತಾರೆ. ಒಳ್ಳೆಯ ಮನುಷ್ಯ.

ಶಾಲೆಯ ಬೆಕ್ಕು ಸತ್ತಿತು. ಬೀರುವಿನ ಹಿಂದೆ ಸುರುಳಿ ಸುತ್ತಿಕೊಂಡು ಮಲಗಿದ್ದು ಏಳಲೇ ಇಲ್ಲ. ಮುದಿಯಾಗಿತ್ತು ಅನ್ನು. ಮಕ್ಕಳನ್ನು ನಗಿಸೋಣವೆಂದು ನಿನ್ನೆ ಮೇಣದಬತ್ತಿಯ ಪ್ರಯೋಗ ಮಾಡಿಸಿದೆ. ಮೇಜಿನ ಮೇಲೆ ಚೆನ್ನಾಗಿ ಉರಿದ ಬತ್ತಿ ಬೀರುವಿನ ಹತ್ತಿರ ನೆಲಕ್ಕೆ ಇಡುತ್ತಿದ್ದಂತೆ ಆರಿಹೋಯಿತು. ಇನ್ನೊಂದು ಹಚ್ಚಿದರೂ ಅಷ್ಟೇ. "ಅದು ಊದ್ತು! ಅದು ಊದ್ತು!" ಎಂದು ಮಕ್ಕಳು ಚಪ್ಪಾಳೆ ತಟ್ಟಿದರು. ಗುಬ್ಬಿ ಮಾತ್ರ ತಟ್ಟಲಿಲ್ಲ.

ಅಕ್ಕ

ಸೆಪ್ಟೆಂಬರ್ ೩೦

ಅಕ್ಕಾ,

ಈ ಕಾಗದ ಕೈಗೆ ಸಿಕ್ಕ ಕೂಡಲೇ ಮಕ್ಕಳನ್ನು ಹೊರಗೆ ಕರೆದುಕೊಂಡು ಹೋಗು. ಪೂರ್ತಿ ಓದುವುದು ಆಮೇಲೆ.

ಬತ್ತಿಯ ಸಂಗತಿಯನ್ನು ಮೂರು ಸಲ ಓದಿದೆ. ಅದು ಊದಿ ಆರಿದ್ದಲ್ಲ, ಉಸಿರುಕಟ್ಟಿ ಆರಿದ್ದು. ನಿಮ್ಮ ನೆಲದ ಕೆಳಗೆ ಗಣಿಯ ಸುರಂಗವಿದೆ. ವರ್ಷಗಟ್ಟಲೆ ಮುಚ್ಚಿದ ಸುರಂಗದಲ್ಲಿ ಕೆಟ್ಟ ಗಾಳಿ ತುಂಬಿಕೊಳ್ಳುತ್ತದೆ. ಅದು ಭಾರ, ನೆಲದ ಮಟ್ಟದಲ್ಲೇ ಹರಡುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ಅದರಲ್ಲಿ ಕೂತವರಿಗೆ ತಲೆನೋವು ಬರುತ್ತದೆ, ನಿದ್ದೆ ಬರುತ್ತದೆ. ಆಮೇಲೆ ಎಚ್ಚರವಾಗುವುದಿಲ್ಲ. ಬೆಕ್ಕು ಮುದಿಯಾಗಿತ್ತೆಂದು ಸತ್ತದ್ದಲ್ಲ ಅಕ್ಕಾ. ಮಕ್ಕಳು ನೆಲದ ಮೇಲೆ ಕೂರುತ್ತಾರೆ ತಾನೇ?

ಹೊರಗಿನ ಗಾಳಿಯ ಒತ್ತಡ ಏರಿದಾಗ ಸುರಂಗ ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತದೆ, ಹಸಿರು. ಒತ್ತಡ ಇಳಿದಾಗ ಹೊರಗೆ ಬಿಡುತ್ತದೆ, ಕೆಂಪು. ದಿನಾ ಸ್ವಲ್ಪ ಸ್ವಲ್ಪ. ಆದರೆ ಬಿರುಗಾಳಿ ಬರುವ ಮುನ್ನ ಒತ್ತಡ ಒಮ್ಮೆಲೇ ಕುಸಿಯುತ್ತದೆ. ನಿಮ್ಮ ಕಡೆಗೆ ದೊಡ್ಡ ಬಿರುಗಾಳಿ ಬರುತ್ತಿದೆ ಎಂದು ರೇಡಿಯೋ ಬೆಳಗಿನಿಂದ ಬಡಿದುಕೊಳ್ಳುತ್ತಿದೆ. ಆಗ ಎಲ್ಲರೂ ನಂಬಿ ಸೇರುವುದು ಆ ದಪ್ಪ ಗೋಡೆಯ ಕೋಣೆಯೊಳಗೇ. ಕಿಟಕಿಯನ್ನೂ ಮುಚ್ಚುತ್ತೀರಿ.

ಗುಡ್ಡದ ಕೆಳಗಿನ ಅಂಚೆ ಕಚೇರಿಗೆ ಎಷ್ಟು ಸಲ ಫೋನ್ ಮಾಡಿದರೂ ಯಾರೂ ಎತ್ತುತ್ತಿಲ್ಲ. ನಾನೂ ಹೊರಡುತ್ತಿದ್ದೇನೆ. ಹೆಡ್‌ಮೇಷ್ಟ್ರಿಗೆ ಈ ಕಾಗದ ತೋರಿಸು. ಮೊದಲು ಬರೆದದ್ದನ್ನು ಮರೆತುಬಿಡಿ ಎಂದು ಅವರಿಗೆ ಹೇಳು. ನನ್ನಾಣೆ, ಮರೆಯದೆ ಹೇಳು.

ಪುಟ್ಟು

ಅಕ್ಟೋಬರ್ ೧೨

ಪುಟ್ಟೂ,

ನಿನ್ನ ಕಾಗದ ಇವತ್ತು ಬಂತು. ರಸ್ತೆ ಕುಸಿದು ಬಸ್ಸು ನಿಂತಿತ್ತು. ಕೆಳಗಿನ ಊರಿನ ತನಕ ಬಂದು ನೀನು ವಾಪಸು ಹೋದೆಯಂತೆ, ಕಂಡಕ್ಟರ್ ಹೇಳಿದ. ಬಿರುಗಾಳಿ ಬಂದದ್ದು ನೀನು ಕಾಗದ ಬರೆದ ಮಾರನೆಯ ದಿನ.

ಅವತ್ತು ಆಕಾಶ ಹಳದಿಗಟ್ಟಿತ್ತು. ಗಾಳಿ ಜೋರಾಗುತ್ತಲೇ ಹೆಡ್‌ಮೇಷ್ಟ್ರು ಮಕ್ಕಳನ್ನು ಒಳಗೆ ಕೂರಿಸಿ ಕಿಟಕಿ ಹಾಕಿಸಿದರು. ತಮ್ಮ ತಗಡಿನ ಮನೆಗಿಂತ ಇದೇ ಗಟ್ಟಿ ಎಂದು ಕೆಲವು ತಾಯಂದಿರು ಮನೆಯ ಚಿಕ್ಕವರನ್ನೂ ತಂದು ಬಿಟ್ಟುಹೋದರು. ಗುಬ್ಬಿಯ ಯಂತ್ರದಲ್ಲಿ ಬೆಳಗಿನಿಂದ ಹಸಿರು ಹತ್ತಿರಲೇ ಇಲ್ಲ. ಕೆಂಪು ದೀಪ, ಅದೂ ಮಿಣಮಿಣ ಅಲ್ಲ, ಗೋಡೆಯ ಮೇಲೆ ಬೆಳಕು ಬೀಳುವಷ್ಟು. ರೆಕ್ಕೆಗಳು ಕಾಣದಷ್ಟು ವೇಗವಾಗಿ ತಿರುಗುತ್ತಿದ್ದವು. ಹೊರಗೆ ಅಷ್ಟು ಆರ್ಭಟವಿದ್ದರೂ ಮಕ್ಕಳು ಹೆದರಿ ಅಳುತ್ತಿರಲಿಲ್ಲ. ಒಬ್ಬರ ಮೇಲೊಬ್ಬರು ಒರಗಿ ಮಲಗುತ್ತಿದ್ದರು.

ಗುಬ್ಬಿ ನನ್ನ ಸೆರಗು ಹಿಡಿದು ಎಳೆದಳು. "ಟೀಚರ್, ಬಿಡ್ತಾನೇ ಇದೆ. ತಗೊಳ್ತಾನೇ ಇಲ್ಲ."

ನನಗೆ ನಿನ್ನ ಒತ್ತಡ, ಸುರಂಗ ಯಾವುದೂ ಗೊತ್ತಿರಲಿಲ್ಲ ಪುಟ್ಟು. ನನಗೆ ಗೊತ್ತಿದ್ದದ್ದು ಒಂದೇ. ಹೊರಗೆ ಬಂದ ಉಸಿರು ಮತ್ತೆ ಒಳಗೆ ಹೋಗದಿದ್ದರೆ ಏನಾಗುತ್ತದೆ ಎಂಬುದನ್ನು ನಾನು ಹಾಸಿಗೆಯ ಪಕ್ಕ ಕೂತು ನೋಡಿದ್ದೆ. ಅದು ಸಾಯುತ್ತಿದೆ, ನಮ್ಮನ್ನೂ ಜೊತೆಗೆ ಕರೆದುಕೊಂಡು ಹೋಗುತ್ತದೆ ಅನ್ನಿಸಿತು. ಕಿಟಕಿಗಳನ್ನು ದಡದಡ ತೆರೆದೆ. "ಏಳಿ! ಎಲ್ಲಾ ಹೊರಗೆ! ಹೊರಗೆ!" ಎಂದು ಕಿರುಚಿದೆ.

ಹೆಡ್‌ಮೇಷ್ಟ್ರು ಬಾಗಿಲಿಗೆ ಅಡ್ಡ ನಿಂತರು. "ಟೀಚರ್, ಈ ಗಾಳೀಲಿ ಮಕ್ಕಳನ್ನ ಎಲ್ಲಿಗೆ ಕರ್ಕೊಂಡು ಹೋಗ್ತೀರಿ? ಕೂತ್ಕೊಳ್ಳಿ, ನೀರು ಕುಡೀರಿ."

"ಸಾರ್, ದಾರಿ ಬಿಡಿ. ಇದು ಉಸಿರು ಬಿಡ್ತಾ ಇದೆ."

ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಕನಿಕರವಿತ್ತು. ಅದೇ ನನಗೆ ಅರ್ಥವಾಗಲಿಲ್ಲ. "ನಿಮ್ಮ ತಮ್ಮ ನನಗೆ ಎಲ್ಲಾ ಬರೆದಿದ್ದಾರಮ್ಮ. ತಾಯಿ ಹೋದ ಮೇಲೆ ನಿಮಗೆ ಮನಸ್ಸು ಸರಿಯಿಲ್ಲ ಅಂತ, ಏನೇ ಹೇಳಿದ್ರೂ ಸಮಾಧಾನ ಮಾಡಿ ಅಂತ. ನಾನು ನಿಮ್ಮಣ್ಣ ಅಂದ್ಕೊಳ್ಳಿ. ಕೂತ್ಕೊಳ್ಳಿ."

ಇದೇ ಅಲ್ಲವೇ ನೀನು ಅವರಿಗೆ ಬರೆದ ಬಿಡಿ ರೆಕ್ಕೆಗಳ ವಿಷಯ!

ನಾನು ಅವರನ್ನು ತಳ್ಳಿದೆ. ಜನ್ಮದಲ್ಲಿ ಯಾರನ್ನೂ ತಳ್ಳಿದವಳಲ್ಲ. ದೊಡ್ಡ ಮಕ್ಕಳ ಕೈಗೆ ಚಿಕ್ಕವರ ಕೈ ಕೊಟ್ಟು ಮಳೆಗೆ ಇಳಿಸಿದೆ. ಕೆಲವರು ಎಬ್ಬಿಸಿದರೂ ಏಳಲಿಲ್ಲ. ಅವರನ್ನು ಹೊತ್ತು ತಂದವರು ಹೆಡ್‌ಮೇಷ್ಟ್ರೇ, ನನ್ನನ್ನು ಬೈಯುತ್ತಲೇ ತಂದರು. ಕಾಂಪೌಂಡಿನ ಕಲ್ಲುಗೋಡೆಯ ಮರೆಯಲ್ಲಿ ಎಲ್ಲರನ್ನೂ ಮುದ್ದೆಯಾಗಿ ಕೂರಿಸಿದೆವು. ಮಳೆ ಮುಖಕ್ಕೆ ಹೊಡೆಯುತ್ತಲೇ ಮಕ್ಕಳು ಒಬ್ಬೊಬ್ಬರಾಗಿ ಅಳತೊಡಗಿದರು. ಅಷ್ಟು ಒಳ್ಳೆಯ ಸದ್ದನ್ನು ನಾನು ಕೇಳಿಯೇ ಇರಲಿಲ್ಲ.

"ನೋಡಿ, ಮಕ್ಕಳ ಪುಸ್ತಕ ಎಲ್ಲಾ ನೆನೀತಾ ಇದೆ. ನೀವು ತೆಗೆದ ಕಿಟಕಿ ಹಾಕಿ ಬರ್ತೀನಿ. ಇಲ್ಲೇ ಇರಿ, ಎಲ್ಲೂ ಹೋಗ್ಬೇಡಿ" ಎಂದರು. ನಾನು ಬೇಡವೆಂದು ಕೂಗಿದೆ. ಗಾಳಿಗೆ ಕೇಳಿಸಿತೋ ಇಲ್ಲವೋ. ಕೇಳಿಸಿದ್ದರೂ ನಂಬುತ್ತಿದ್ದರೇ?

ಕಿಟಕಿಗಳು ಒಂದೊಂದಾಗಿ ಮುಚ್ಚಿಕೊಂಡದ್ದು ಕಂಡಿತು. ಬಡಿಯುತ್ತಿದ್ದ ಬಾಗಿಲಿಗೂ ಒಳಗಿನಿಂದ ಅಗಳಿ ಬಿತ್ತು, ಕೊನೆಯ ಕಿಟಕಿಯೂ ಮುಚ್ಚಿತು. ಅವರು ಬರಲಿಲ್ಲ. ನಾನು ಎದ್ದರೆ ಮಕ್ಕಳೂ ನನ್ನ ಹಿಂದೆ ಏಳುತ್ತಿದ್ದರು. ಆದ್ದರಿಂದ ನಾನು ಏಳಲಿಲ್ಲ. ಬಾಗಿಲ ಕೆಳಗಿನ ಸಂದಿಯಲ್ಲಿ ಕೆಂಪು ಬೆಳಕು ಕಾಣುತ್ತಿತ್ತು. ಅಷ್ಟು ಚಿಕ್ಕ ದೀಪಕ್ಕೆ ಅಷ್ಟು ಬೆಳಕು ಎಲ್ಲಿಂದ ಬಂತೆಂದು ನೀನೇ ಹೇಳಬೇಕು, ನಿನಗೆ ಎಲ್ಲಕ್ಕೂ ಕಾರಣ ಗೊತ್ತಿರುತ್ತದೆ.

ಗಾಳಿ ನಿಂತ ಮೇಲೆ ಜನ ಬಂದು ಬಾಗಿಲು ಒಡೆದರು. ಹೆಡ್‌ಮೇಷ್ಟ್ರು ನೆಲದ ಮೇಲೆ ಕೂತು ಗೋಡೆಗೆ ಒರಗಿದ್ದರು. ಮಡಿಲಲ್ಲಿ ಮಕ್ಕಳ ಯಂತ್ರಗಳನ್ನೆಲ್ಲ ಆಯ್ದುಕೊಂಡಿದ್ದರು, ನೆನೆಯಬಾರದೆಂದು. ನಿದ್ದೆ ಹೋದವರ ಹಾಗೇ ಇದ್ದರು.

ಮಕ್ಕಳೆಲ್ಲ ಚೆನ್ನಾಗಿದ್ದಾರೆ. ಒಬ್ಬರಿಗೂ ಏನೂ ಆಗಿಲ್ಲ.

ಅವರ ಹೆಂಡತಿ ನನ್ನನ್ನು ದಿನವೂ ಒಂದೇ ಮಾತು ಕೇಳುತ್ತಾರೆ: "ಮಕ್ಕಳನ್ನ ಉಳಿಸಿದ ನಿಮ್ಮ ಮಾತನ್ನ ಇವರೊಬ್ಬರು ಯಾಕೆ ಕೇಳಲಿಲ್ಲ?" ಅದಕ್ಕೆ ಉತ್ತರ ಹೇಳಬೇಕಾದವಳು ನಾನಲ್ಲ.

ಇದಕ್ಕೆ ಉತ್ತರ ಬರೀಬೇಡ. ಬಾ.

ಅಕ್ಕ

ನವೆಂಬರ್ ೮

ಪುಟ್ಟೂ,

ನೀನು ಬಸ್ಸು ಹತ್ತಿದ ಮೇಲೆ ನಾನು ಮತ್ತೆ ಹೆಡ್‌ಮೇಷ್ಟ್ರ ಹೆಂಡತಿಯ ಹತ್ತಿರ ಹೋದೆ. ನೀನು ಆ ಕಾಗದದ ವಿಷಯ ಹೇಳುವಷ್ಟು ಹೊತ್ತೂ ಅವರು ಅಕ್ಕಿ ಆರಿಸುತ್ತಲೇ ಇದ್ದದ್ದು, ನಿನ್ನ ಮುಖವನ್ನೂ ನೋಡದೆ ಇದ್ದದ್ದು ನಿನ್ನನ್ನು ಕೊರೆಯುತ್ತಿರಬಹುದು. ನೀನು ಹೋದ ಮೇಲೆ ಮೊರವನ್ನು ಕೆಳಗಿಟ್ಟು ಒಂದೇ ಪ್ರಶ್ನೆ ಕೇಳಿದರು.

"ನಿಮ್ಮ ತಮ್ಮ ಬರೆದದ್ದು ಸುಳ್ಳಾ?"

ಸುಳ್ಳೆಂದು ಹೇಳಬಹುದಿತ್ತು. ಹೇಳಿದ್ದರೆ ನಿನ್ನ ಮೇಲಿನ ನನ್ನ ಸಿಟ್ಟೂ ಸ್ವಲ್ಪ ಇಳಿಯುತ್ತಿತ್ತೇನೋ. "ಇಲ್ಲಮ್ಮ" ಎಂದೆ. "ನಾನು ಸರಿಯಿರಲಿಲ್ಲ. ಆದ್ರೆ ಆ ಕೋಣೇನೂ ಸರಿಯಿರಲಿಲ್ಲ."

ಅವರು ಬಹಳ ಹೊತ್ತು ಅತ್ತರು. ಆಮೇಲೆ ನನಗೆ ಅನ್ನ ಬಡಿಸಿದರು. ನಿನಗೆ ಶಾಪವನ್ನೂ ಹಾಕಲಿಲ್ಲ, ಕ್ಷಮೆಯ ಮಾತನ್ನೂ ಆಡಲಿಲ್ಲ. ಸದ್ಯಕ್ಕೆ ನನಗೂ ಅಷ್ಟೇ ಸಾಧ್ಯ. ಆದರೆ ನೀನು ಬಂದೆ. ಅದನ್ನು ನಾನು ಮರೆಯುವುದಿಲ್ಲ.

ಬೀರುವಿನ ಹಿಂದಿನ ಚಪ್ಪಡಿಗಳನ್ನು ಎತ್ತಿಸಿದರು. ಕೆಳಗೆ ನೇರವಾಗಿ ಇಳಿಯುವ ಬಾವಿಯಂಥ ಗುಂಡಿ. ಕಲ್ಲು ಹಾಕಿ ಕಿವಿಗೊಟ್ಟರು, ತಳ ಮುಟ್ಟಿದ ಸದ್ದು ಯಾರಿಗೂ ಕೇಳಿಸಲಿಲ್ಲ. ಈಗ ಅದಕ್ಕೆ ಮುಚ್ಚಳ ಕೂರಿಸಿ, ಚಾವಣಿಗಿಂತ ಎತ್ತರಕ್ಕೆ ಕಬ್ಬಿಣದ ಕೊಳವೆ ನಿಲ್ಲಿಸಿದ್ದಾರೆ. ಶಾಲೆ ಬಸ್‌ಸ್ಟ್ಯಾಂಡಿನ ಪಕ್ಕದ ಶೆಡ್ಡಿಗೆ ಬಂದಿದೆ. ಮಕ್ಕಳ ಗಲಾಟೆಗೆ ಕಂಡಕ್ಟರನಿಗೆ ತಲೆ ಕೆಟ್ಟುಹೋಗುತ್ತದಂತೆ. ಯಾರೂ ನಿದ್ದೆ ಮಾಡುವುದಿಲ್ಲ.

ಮೋಡ ಕವಿದ ದಿನ ಆ ಕೊಳವೆ ಹೂಂ... ಎನ್ನುತ್ತದೆ. ಆ ಸದ್ದು ಬಂತೆಂದರೆ ಆಟದ ನಡುವೆಯೂ ಮಕ್ಕಳೆಲ್ಲ ಇದ್ದಲ್ಲೇ ನಿಂತುಬಿಡುತ್ತಾರೆ. ಯಾರೂ ಹೇಳಿಕೊಟ್ಟದ್ದಲ್ಲ. ಸದ್ದು ನಿಲ್ಲುವ ತನಕ ಎಲ್ಲರೂ ಉಸಿರು ಹಿಡಿದುಕೊಂಡಿರುತ್ತಾರೆ. ಮೊನ್ನೆ ನೋಡಿಕೊಂಡೆ, ನಾನೂ ಹಿಡಿದಿದ್ದೆ.

ಅಕ್ಕ

ಫೆಬ್ರವರಿ ೨೧

ಅಕ್ಕಾ,

ಇಷ್ಟು ದಿನ ನಿನಗೆ ಬರೆಯಲು ಕೈ ಬರಲಿಲ್ಲ. ಕೂತರೆ ನಿನ್ನ ಸುದ್ದಿ ಕೇಳುವ ಮೊದಲು ನನ್ನ ಸಮರ್ಥನೆಯೇ ಕಾಗದಕ್ಕೆ ಇಳಿಯುತ್ತಿತ್ತು. ಹರಿದು ಹಾಕುತ್ತಿದ್ದೆ. ನಿನ್ನ ಮೇಲಿನ ಪ್ರೀತಿಗೇ ಆ ಕಾಗದ ಬರೆದೆ ಎಂಬುದು ನಿಜ. ಆ ನಿಜವನ್ನು ಇಟ್ಟುಕೊಂಡು ಏನು ಮಾಡಲಿ?

ಕೆಲಸದ ಸುದ್ದಿ ಹೇಳುತ್ತೇನೆ. ಕಿಟ್‌ನ ಪೆಟ್ಟಿಗೆಯೊಳಗೆ ಹಾಕುವ ಸೂಚನೆಯ ಹಾಳೆಯನ್ನು ಹೊಸದಾಗಿ ಅಚ್ಚು ಹಾಕಿಸಿದೆವು. ಕೊನೆಯಲ್ಲಿ ದಪ್ಪ ಅಕ್ಷರದಲ್ಲಿ ಒಂದು ಸಾಲು ಸೇರಿಸಿದೆ: "ಮುಚ್ಚಿದ ಕೋಣೆಯಲ್ಲಿ ರೆಕ್ಕೆ ತಾನಾಗಿ ತಿರುಗಿದರೆ ಎಲ್ಲರೂ ಮೊದಲು ಹೊರಗೆ ಹೋಗಿ. ಕಾರಣ ಆಮೇಲೆ ಹುಡುಕಿ." ವರ್ಕ್‌ಶಾಪಿನ ಯಜಮಾನರು ಓದಿ, "ಏನಪ್ಪಾ ಇದು, ಆಟದ ಸಾಮಾನೋ ದೆವ್ವದ ಸಾಮಾನೋ? ಹೀಗೆ ಬರೆದ್ರೆ ಯಾರು ಕೊಳ್ತಾರೆ?" ಎಂದು ರೇಗಿದರು. ನಾನು ಜಗ್ಗಲಿಲ್ಲ. ಕೊನೆಗೆ ಕೈಚೆಲ್ಲಿ, "ಹಾಕ್ಕೊಂಡು ಸಾಯಿ" ಎಂದರು. ಹೊಸ ಹಾಳೆಯ ಕಿಟ್‌ಗಳು ನಾನಾ ಕಡೆಗೆ ಹೋಗಿವೆ. ಹಾಳೆಯ ಕೆಳಗೆ ನಮ್ಮ ವಿಳಾಸವೂ ಇದೆ.

ಇವತ್ತಿನ ಅಂಚೆಯಲ್ಲಿ ಒಂದು ಕಾರ್ಡು ಬಂದಿದೆ. ಯಾವುದೋ ದೂರದ ಶಾಲೆಯದು, ಆ ಊರಿನ ಹೆಸರನ್ನು ನಾನು ಕೇಳಿಯೇ ಇಲ್ಲ. ಮಗುವಿನ ಕೈಬರಹ, ಗೆರೆಯ ಮೇಲೆ ಒತ್ತಿ ಒತ್ತಿ ಬರೆದದ್ದು. ಕಾರ್ಡು ಒದ್ದೆಯಾಗಿ ಒಣಗಿದೆ. ಸಹಿ ಇಲ್ಲ. ಬರೆದಿರುವುದು ಇಷ್ಟೇ:

"ನಾವೆಲ್ಲಾ ಹೊರಗೆ ಬಂದಿದ್ದೇವೆ. ಟೀಚರ್ ಮಾತ್ರ ಬರುತ್ತಿಲ್ಲ. ಈಗ ಏನು ಮಾಡಬೇಕು?"

ಬಸ್‌ಸ್ಟ್ಯಾಂಡಿನಲ್ಲಿ ನಿಂತು ಇದನ್ನು ಬರೆಯುತ್ತಿದ್ದೇನೆ ಅಕ್ಕಾ. ಆ ಊರಿನ ಬಸ್ಸು ಬಂತು.

ಪುಟ್ಟು